ಅರಿಶಿನ, ಕರಿಮೆಣಸು ಮತ್ತು ಕರುಳಿನ ಉರಿಯೂತ



ಹರಿಹರದ ಕಡೆಯ ನಮ್ಮ ಸದಸ್ಯರೊಬ್ಬರು ಕಳೆದ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಆಸ್ಪತ್ರೆ ಸೇರಿದ್ದಾಗ ನಾವು ನೋಡಿಬರಲು ಹೋಗಿದ್ದೆವು. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಅವರಿಗೆ ಮೂರು ವರ್ಷದಿಂದ ಇದೆ. ಮಾತ್ರೆಯಿಂದ ಹತೋಟಿಯಲ್ಲಿತ್ತು. ಅರಿಶಿನದ ಕಷಾಯವೊಂದೇ ಸಾಕೆಂದು ಯಾರೋ ಹೇಳಿದರು, ಇವರು ಮಾತ್ರೆ ಬಿಟ್ಟರು, ಎರಡು ತಿಂಗಳಲ್ಲಿ ಹಾಸಿಗೆ ಹಿಡಿದರು.

“ನಮ್ ತೋಟದ್ದೇ ಅರಿಶಿನ ರೀ ಕಾರ್ಯದರ್ಶಿಗಳೇ, ವಿಷ ಏನಲ್ಲಲ್ರೀ?” ಎಂದು ಕೇಳಿದರು. ಆಗ ನಮಗೆ ಉತ್ತರ ತೋಚಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಅರಿಶಿನಕ್ಕೆ ಗುಣವಿಲ್ಲವೆಂದಲ್ಲ. ಅದಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಂಶವು ಉರಿಯೂತವನ್ನು ತಗ್ಗಿಸುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಜಪಾನಿನ ವೈದ್ಯರು, ಈ ಕಾಯಿಲೆ ಶಮನವಾಗಿದ್ದ 89 ರೋಗಿಗಳ ಮೇಲೆ ಆರು ತಿಂಗಳು ನಡೆಸಿದ ಪರೀಕ್ಷೆಯನ್ನು 2006ರಲ್ಲಿ ಪ್ರಕಟಿಸಿದರು. ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ತೆಗೆದುಕೊಂಡವರಲ್ಲಿ ಕಾಯಿಲೆ ಮರುಕಳಿಸಿದ್ದು ನೂರಕ್ಕೆ ಸುಮಾರು 5 ಮಂದಿಗೆ. ತೆಗೆದುಕೊಳ್ಳದವರಲ್ಲಿ ಸುಮಾರು 20 ಮಂದಿಗೆ. ಆದರೆ ಎರಡು ಗುಂಪಿನವರೂ ಮಾಮೂಲು ಮಾತ್ರೆಯನ್ನು ಬಿಟ್ಟಿರಲಿಲ್ಲ! ಬಾಯಿಂದ ಬಾಯಿಗೆ ಹರಡುವಾಗ ಈ ಮಾತೇ ಉದುರಿಹೋಗುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ದಿನಕ್ಕೆ 450 ಮಿ.ಗ್ರಾಂ. ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲವೆಂದು 2017ರಲ್ಲಿ ವರದಿ ಮಾಡಿದ್ದಾರೆ.

ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಭಾಗ ಮಾತ್ರ. 2 ಗ್ರಾಂ ಬೇಕೆಂದರೆ ದಿನಕ್ಕೆ 60 ಗ್ರಾಂಗೂ ಮೀರಿ ಪುಡಿ ತಿನ್ನಬೇಕು. ಯಾವ ಮನೆಯ ಸಾರಿಗೂ ಅಷ್ಟು ಬೀಳುವುದಿಲ್ಲ.

ಇನ್ನು ನಮ್ಮ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ವಿಚಾರ. ಕರ್ಕ್ಯುಮಿನ್ ಜೊತೆಗೆ ಮೆಣಸಿನ ಪೈಪರೀನ್ 20 ಮಿ.ಗ್ರಾಂ. ಕೊಟ್ಟರೆ ಅದು ರಕ್ತಕ್ಕೆ ಸೇರುವ ಪ್ರಮಾಣ ಅನೇಕ ಪಟ್ಟು ಏರುತ್ತದೆಂದು ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ, 1998ರಲ್ಲಿ. ಬೆಳೆಗಾರರಾಗಿ ನಮಗೆ ಹೆಮ್ಮೆಯ ಸಂಗತಿ. ಆದರೆ ಪೈಪರೀನ್ ಬೇರೆ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಇವೆರಡೂ ಸೇರಿದ ಗುಳಿಗೆ ನುಂಗಿ ಯಕೃತ್ತು ಕೆಟ್ಟವರ ವರದಿಗಳು ಅಮೆರಿಕದಿಂದ 2022ರಲ್ಲಿ ಬಂದಿವೆ.

ಅಡಿಕೆಯೂ ಭೇದಿ ಕಟ್ಟುತ್ತದೆಂದು ಹಿರಿಯರು ಹೇಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ ಮೇಲೆ, ನಮ್ಮ ಬೆಳೆಯೇ ಆದರೂ, ಮದ್ದೆಂದು ಜಗಿಯಿರಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ನಮ್ಮ ಸದಸ್ಯರು ಈಗ ಮನೆಗೆ ಬಂದಿದ್ದಾರೆ. ಮಾತ್ರೆ ಮತ್ತೆ ಶುರುವಾಗಿದೆ. ಜೊತೆಗೆ ಕರ್ಕ್ಯುಮಿನ್ ತೆಗೆದುಕೊಳ್ಳಬಹುದೇ ಎಂದು ಮುಂದಿನ ಸಲ ದಾವಣಗೆರೆಗೆ ಹೋದಾಗ ವೈದ್ಯರನ್ನೇ ಕೇಳುತ್ತಾರಂತೆ.