ಪೆಟ್ಟಿಗೆಯೊಳಗೆ ವಿಮಾನವೇರಿದ ಬೈಸಿಕಲ್ಲು

ಮನುಷ್ಯನನ್ನು ಹೊತ್ತು ಸಾಗುವುದಕ್ಕಾಗಿ ಹುಟ್ಟಿದ ಯಂತ್ರವನ್ನು ಮನುಷ್ಯನೇ ಹೊತ್ತು ಸಾಗಬೇಕಾಗಿ ಬಂದರೆ ಹೇಗಿರುತ್ತದೆ? ೨೦೨೩ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಈ ಅನುಭವ ನಮಗೆ ಲಭಿಸಿತು. ಫ್ರಾನ್ಸ್ ದೇಶದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಜರಗುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ದೀರ್ಘ ಸವಾರಿಗೆಂದು ನಮ್ಮ ಸ್ವಂತ ಬೈಸಿಕಲ್ಲನ್ನು ಬೆಂಗಳೂರಿನಿಂದ ವಿಮಾನದಲ್ಲಿ ಕೊಂಡೊಯ್ದೆವು.

ಈ ಸವಾರಿ ಮೊದಲು ನಡೆದುದು ೧೮೯೧ರಲ್ಲಿ. ಆಗ ಅದು ಪಂದ್ಯವಾಗಿದ್ದಿತು. ಅಂದು ಗೆದ್ದ ಶಾರ್ಲ್ ತೆರೋಂ ಎಂಬ ಸವಾರನು ಸುಮಾರು ೧೨೦೦ ಕಿಲೋಮೀಟರುಗಳನ್ನು ೭೧ ಗಂಟೆ ೨೨ ನಿಮಿಷಗಳಲ್ಲಿ ಕ್ರಮಿಸಿದನು; ಆತನ ಚಕ್ರಗಳಿಗೆ ಅಂದಿನ ಹೊಸ ಸೃಷ್ಟಿಯಾದ, ಕಳಚಬಹುದಾದ ಗಾಳಿಟಯರುಗಳಿದ್ದುವು. ಇಂದು ಅಲ್ಲಿ ಸ್ಪರ್ಧೆಯಿಲ್ಲ. ೯೦ ಗಂಟೆಗಳೊಳಗೆ ಮುಗಿಸಿದರಾಯಿತು. ಆದರೆ ಅದೇ ವರ್ಷದಲ್ಲಿ ೨೦೦, ೩೦೦, ೪೦೦ ಮತ್ತು ೬೦೦ ಕಿಲೋಮೀಟರುಗಳ ನಾಲ್ಕು ಸವಾರಿಗಳನ್ನು ಕಾಲಮಿತಿಯೊಳಗೆ ಪೂರೈಸಿದವರಿಗೆ ಮಾತ್ರ ಪ್ರವೇಶ. ಇಷ್ಟೆಲ್ಲ ಮಾಡಿ ಅಲ್ಲಿಗೆ ತಲುಪಿದ ಮೇಲೆ ಸೈಕಲ್ಲು ಕೈಕೊಟ್ಟರೆ ಇನ್ನು ನಾಲ್ಕು ವರ್ಷ ಕಾಯಬೇಕು.

‘ಅಲ್ಲಿಯೇ ಒಂದು ಸೈಕಲ್ಲನ್ನು ಬಾಡಿಗೆಗೆ ಪಡೆಯಬಾರದೆ?’ ಎಂದು ಕಾಲೇಜಿನ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಒಂದು ಚಿಕ್ಕ ಲೆಕ್ಕವನ್ನು ವಾಚಕರು ಗಮನಿಸಬೇಕು. ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು ೫ ಮೀಟರು ಮುಂದಕ್ಕೆ ಹೋಗುತ್ತದೆಂದಿಟ್ಟುಕೊಳ್ಳೋಣ. ೧೨೦೦ ಕಿಲೋಮೀಟರಿಗೆ ೨,೪೦,೦೦೦ ಸುತ್ತುಗಳಾದುವು. ಇಳಿಜಾರುಗಳನ್ನು ಕಳೆದರೂ ಪ್ರತಿಯೊಂದು ಮಂಡಿಯೂ ಎರಡು ಲಕ್ಷ ಸಲ ಮಡಿಚಿ ಬಿಚ್ಚಬೇಕು. ಸೀಟಿನ ಎತ್ತರದಲ್ಲಿ ಅರ್ಧ ಸೆಂಟಿಮೀಟರು ವ್ಯತ್ಯಾಸವಾದರೆ ಪೇಟೆಗೆ ಹೋಗಿಬರುವಾಗ ತಿಳಿಯುವುದೇ ಇಲ್ಲ. ಎರಡು ಲಕ್ಷ ಸಲ ಆವರ್ತಿಸಿದಾಗ ಮಂಡಿಗೆ ಚೆನ್ನಾಗಿ ತಿಳಿಯುತ್ತದೆ. ಆದುದರಿಂದಲೇ ಸೀಟಿನ ಕಂಬವನ್ನು ಕಳಚುವ ಮುನ್ನ ಅದು ಫ್ರೇಮಿನೊಳಗೆ ಇಳಿದಿರುವ ಸ್ಥಳದಲ್ಲಿ ಟೇಪು ಸುತ್ತಿ ಗುರುತು ಮಾಡಿಕೊಂಡೆವು.

ಮುಂದಿನ ಕೆಲಸ ಪೆಡಲುಗಳನ್ನು ಬಿಚ್ಚುವುದು. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಸುತ್ತಿನದು. ಸಾಮಾನ್ಯ ತಿರುಪಿನಂತೆ ಬಿಚ್ಚಹೊರಟರೆ ಇನ್ನಷ್ಟು ಬಿಗಿಯಾಗುತ್ತದೆ. ಇದೇಕೆ ಹೀಗೆ? ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ಹೊರತುದಿಯನ್ನು ವೃತ್ತಾಕಾರವಾಗಿ ಒಂದು ದಿಕ್ಕಿಗೆ ತಿರುಗಿಸಿರಿ. ಮುಷ್ಟಿಯೊಳಗೆ ಪೆನ್ಸಿಲು ವಿರುದ್ಧ ದಿಕ್ಕಿಗೆ ಹೊರಳುವುದು ಅನುಭವಕ್ಕೆ ಬರುತ್ತದೆ. ತುಳಿಯುವ ಭಾರಕ್ಕೆ ಸಿಕ್ಕ ಪೆಡಲಿನ ತಿರುಪೂ ತನ್ನ ರಂಧ್ರದೊಳಗೆ ಹೀಗೆಯೇ ಹೊರಳಲು ಹವಣಿಸುತ್ತದೆ. ಎಡಬದಿಗೂ ಸಾಮಾನ್ಯ ಸುತ್ತನ್ನೇ ಕೊಟ್ಟಿದ್ದರೆ ಸವಾರಿಯ ನಡುವೆ ಪೆಡಲು ತಾನಾಗಿ ಕಳಚಿಕೊಳ್ಳುತ್ತಿದ್ದಿತು.

ಇನ್ನು ಪೆಟ್ಟಿಗೆ. ವಿಮಾನ ನಿಲ್ದಾಣದಲ್ಲಿ ಸಾಮಾನು ಒಂದು ಮೀಟರಿನಷ್ಟು ಎತ್ತರದಿಂದ ಬೀಳುವ ಸಂಭವವನ್ನು ಒಪ್ಪಿಕೊಂಡೇ ಕಟ್ಟಬೇಕು. ಹಾಗೆ ಬಿದ್ದ ಪೆಟ್ಟಿಗೆ ಸೆಕೆಂಡಿಗೆ ಸುಮಾರು ೪.೪ ಮೀಟರು ವೇಗದಲ್ಲಿ ನೆಲವನ್ನು ಮುಟ್ಟುತ್ತದೆ. ಈ ವೇಗ ಎಷ್ಟು ದೂರದೊಳಗೆ ಅಡಗುತ್ತದೆಂಬುದೇ ಮುಖ್ಯ. ಬರಿಯ ರಟ್ಟು ೪ ಮಿಲಿಮೀಟರು ಕುಗ್ಗಿ ತಡೆದರೆ ಒಳಗಿನ ವಸ್ತುವಿನ ಮೇಲೆ ಅದರ ತೂಕದ ಸುಮಾರು ೨೫೦ ಪಟ್ಟು ಬಲ ಬೀಳುತ್ತದೆ. ಫೋಮಿನ ಮೆತ್ತೆ ೪೦ ಮಿಲಿಮೀಟರು ಕುಗ್ಗಿ ತಡೆದರೆ ೨೫ ಪಟ್ಟು ಮಾತ್ರ. ಹತ್ತು ಕಿಲೋಗ್ರಾಂ ತೂಗುವ ಸೈಕಲ್ಲಿಗೆ ಮೊದಲನೆಯದು ಎರಡೂವರೆ ಟನ್ನಿನ ಪೆಟ್ಟು, ಎರಡನೆಯದು ಕಾಲು ಟನ್ನಿನದು.

ಕಾಲು ಟನ್ನೂ ಅಲ್ಪವಲ್ಲ. ಅದು ಎಲ್ಲಿ ಬೀಳುತ್ತದೆಂಬುದನ್ನು ನೋಡಬೇಕು. ಸೈಕಲ್ಲಿನ ಬಲಬದಿಯಲ್ಲಿ ಎಲ್ಲಕ್ಕಿಂತ ಹೊರಕ್ಕೆ ಚಾಚಿರುವುದು ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ದಾಟಿಸುವ ಡಿರೇಲರು. ಅದು ನೇತಾಡುವುದು ಹ್ಯಾಂಗರ್ ಎಂಬ ಅಲ್ಯುಮಿನಿಯಂ ತುಂಡಿನಿಂದ. ಪೆಟ್ಟು ಬಿದ್ದಾಗ ಫ್ರೇಮು ಉಳಿದು ತಾನು ಬಾಗಲೆಂದೇ ಆ ತುಂಡನ್ನು ಮೃದುವಾಗಿ ಮಾಡಿರುತ್ತಾರೆ. ಅದು ಕೇವಲ ೨ ಡಿಗ್ರಿ ಬಾಗಿತೆನ್ನೋಣ. ಅದರಿಂದ ೫ ಸೆಂಟಿಮೀಟರು ಕೆಳಗಿರುವ ಗಾಲಿ ಸುಮಾರು ೧.೭ ಮಿಲಿಮೀಟರು ಸರಿಯುತ್ತದೆ. ಹನ್ನೊಂದು ಗೇರಿನ ಸೈಕಲ್ಲಿನಲ್ಲಿ ಹಲ್ಲುಚಕ್ರಗಳ ನಡುವಣ ಅಂತರ ೪ ಮಿಲಿಮೀಟರಿಗೂ ಕಡಿಮೆ. ಎಂದರೆ ಚೈನು ಎರಡು ಚಕ್ರಗಳ ನಡುವೆ ತ್ರಿಶಂಕುವಾಯಿತು! ಆದ್ದರಿಂದ ಡಿರೇಲರನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಫ್ರೇಮಿನ ಒಳಬದಿಗೆ ಕಟ್ಟಿದೆವು. ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿದೆವು. ದಾರಿಯಲ್ಲಿ ಯಾರಾದರೂ ಬ್ರೇಕನ್ನು ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳಬಾರದಷ್ಟೆ.

ಟಯರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹುಕಾಲದಿಂದ ಬಂದಿದೆ: ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ತಗ್ಗಿ ಟಯರು ಸಿಡಿಯುತ್ತದೆಂಬುದು. ಪ್ರಯಾಣಿಕ ವಿಮಾನದಲ್ಲಿ ಸಾಮಾನಿನ ಕೋಣೆಗೂ ನಾವು ಕುಳಿತಿರುವ ಕೋಣೆಯ ಒತ್ತಡವೇ ಇರುತ್ತದೆ. ಅದು ವಾಯುಮಂಡಲದ ಒತ್ತಡದ ಮುಕ್ಕಾಲು ಭಾಗಕ್ಕಿಂತ ಬಹಳ ಕೆಳಕ್ಕೆ ಇಳಿಯುವುದಿಲ್ಲ. ಹೊರಗಾಳಿಗಿಂತ ೫ ವಾಯುಭಾರ ಹೆಚ್ಚಾಗಿ ತುಂಬಿದ ಟಯರಿಗೆ ಅಲ್ಲಿ ಕಾಲು ವಾಯುಭಾರದಷ್ಟು ಮಾತ್ರ ಹೊರೆ ಹೆಚ್ಚುತ್ತದೆ. ಅದೇ ಟಯರನ್ನು ೨೫ ಡಿಗ್ರಿಯ ನೆರಳಿನಿಂದ ರಾಯಚೂರಿನ ೪೫ ಡಿಗ್ರಿ ಬಿಸಿಲಿಗೆ ತಂದರೆ ಒತ್ತಡ ೦.೪ ವಾಯುಭಾರದಷ್ಟು ಏರುತ್ತದೆ. ಹಾಗಿದ್ದರೂ ಗಾಳಿ ಬಿಡಬೇಕೆಂದು ವಿಮಾನ ಕಂಪೆನಿಗಳು ಹೇಳುವುದುಂಟು. ಸರದಿಯಲ್ಲಿ ನಿಂತು ಭೌತಶಾಸ್ತ್ರದ ಪಾಠ ಮಾಡುವುದಕ್ಕಿಂತ ಒಂದಿಷ್ಟು ಗಾಳಿ ಬಿಡುವುದೇ ಲೇಸೆಂದು ನಾವೂ ಬಿಟ್ಟೆವು. ಪೂರ್ತಿ ಬಿಡಬಾರದು, ಉಳಿದ ಗಾಳಿಯೇ ರಿಮ್ಮಿಗೆ ಮೆತ್ತೆ.

ದೀಪಗಳ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಮಾತ್ರ ಪೆಟ್ಟಿಗೆಯಲ್ಲಿ ಇಡಕೂಡದು. ಅವು ಕೈಚೀಲದಲ್ಲಿಯೇ ಇರಬೇಕು. ಈ ನಿಯಮಕ್ಕೆ ಬಲವಾದ ಕಾರಣವಿದೆ: ಬ್ಯಾಟರಿಗೆ ಬೆಂಕಿ ತಗುಲಿದರೆ ಅದು ಜನರ ಕಣ್ಣೆದುರಿಗಿರಬೇಕು.

ಆಗಸ್ಟ್ ೧೭ರಂದು ನಾವು ಪ್ಯಾರಿಸಿನಲ್ಲಿಳಿದು, ಅಲ್ಲಿಂದ ರೈಲಿನಲ್ಲಿ ನೈರುತ್ಯಕ್ಕಿರುವ ರಾಂಬುಯೆ ಎಂಬ ಊರನ್ನು ಸೇರಿದೆವು. ಸವಾರಿ ಹೊರಡುವುದು ಅಲ್ಲಿಂದ, ೨೦ನೆಯ ತಾರೀಖು ಭಾನುವಾರ. ಪೆಟ್ಟಿಗೆ ತೆರೆದೆವು. ನಡುವೆ ಎಲ್ಲಿಯೋ ತಪಾಸಣೆಗಾಗಿ ಅದನ್ನು ಬಿಚ್ಚಿ ಮತ್ತೆ ಟೇಪು ಹಚ್ಚಿದ್ದರು. ಫ್ರೇಮು ಕ್ಷೇಮ, ಹ್ಯಾಂಗರ್ ನೆಟ್ಟಗಿದೆ, ಚಕ್ರಗಳೂ ಸರಿ; ಮುಂಚಕ್ರದ ಅಚ್ಚು ಮಾತ್ರ ಇಲ್ಲ! ಅದನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ಇಟ್ಟಿದ್ದೆವು. ತಪ್ಪು ತಪಾಸಣೆಯವರದಲ್ಲ, ನಮ್ಮದು. ಬೆರಳು ಗಾತ್ರದ ಒಂದು ಕಂಬಿಯಿಲ್ಲದೆ ಏಳು ತಿಂಗಳ ಸಿದ್ಧತೆ ಗೋಡೆಗೊರಗಿ ನಿಂತಿತು. ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಒಂದು ಸೈಕಲ್ ಅಂಗಡಿಗೆ ಹೋದೆವು. ನಮಗೆ ಫ್ರೆಂಚ್ ಬಾರದು, ಅಂಗಡಿಯಾತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋರ್ಕಿನ ಬರಿದಾದ ರಂಧ್ರವನ್ನು ತೋರಿಸಿದೆವು. ಆತ ಮೂರು ಅಚ್ಚುಗಳನ್ನು ತಂದಿಟ್ಟ. ಮೂರರ ವ್ಯಾಸವೂ ೧೨ ಮಿಲಿಮೀಟರೇ. ಆದರೆ ತಿರುಪಿನ ಸುತ್ತುಗಳ ನಡುವಣ ಅಂತರ ಎಲ್ಲ ತಯಾರಕರಲ್ಲಿಯೂ ಒಂದೇ ಅಲ್ಲ; ಕೆಲವರದು ೧ ಮಿಲಿಮೀಟರು, ಕೆಲವರದು ೧.೫, ಮತ್ತೆ ಕೆಲವರದು ೧.೭೫. ಬಲಾತ್ಕಾರದಿಂದ ತಿರುಗಿಸಿದರೆ ಫೋರ್ಕಿನ ಸುತ್ತುಗಳೇ ಹಾಳು. ಮೊದಲನೆಯದು ಒಂದು ಸುತ್ತಿಗೇ ಬಿಗಿದು ನಿಂತಿತು. ಆತ ಕೂಡಲೇ ಕೈತೆಗೆದ. ಎರಡನೆಯದೂ ಹಾಗೆಯೇ. ಮೂರನೆಯದು ಬೆರಳಿನಿಂದಲೇ ಕೊನೆಯವರೆಗೂ ಹೋಯಿತು. ಆತ ‘ವೊಯಿಲಾ’ ಎಂದ. ನಮಗೆ ಅರ್ಥವಾದ ಮೊದಲ ಫ್ರೆಂಚ್ ಮಾತು ಅದು.

ಮತ್ತೆ ಜೋಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಹ್ಯಾಂಡಲಿನ ತಿರುಪುಗಳಿಗೆ ತಯಾರಕರು ೫ ನ್ಯೂಟನ್‌ಮೀಟರು ಎಂದು ಬರೆದಿದ್ದರು. ಹತ್ತು ಸೆಂಟಿಮೀಟರಿನ ಕೀಲಿಯ ತುದಿಯಲ್ಲಿ ಸುಮಾರು ೫ ಕಿಲೋಗ್ರಾಂ ಭಾರ ಹಾಕಿದಂತೆ. ಶಕ್ತಿ ತೋರಿಸಿ ಬಿಗಿದರೆ ಕಾರ್ಬನ್ನಿನ ಹ್ಯಾಂಡಲು ಬಿರಿಯುತ್ತದೆ. ಟೇಪಿನ ಗುರುತಿಗೆ ಸರಿಯಾಗಿ ಸೀಟನ್ನು ಇಳಿಸಿ, ಶನಿವಾರ ಮೂವತ್ತು ಕಿಲೋಮೀಟರು ಓಡಿಸಿ ನೋಡಿ, ಎಲ್ಲ ತಿರುಪುಗಳನ್ನೂ ಇನ್ನೊಮ್ಮೆ ಪರೀಕ್ಷಿಸಿದೆವು.

ಸವಾರಿಯನ್ನು ೮೭ ಗಂಟೆಗಳಲ್ಲಿ ಮುಗಿಸಿದೆವು. ಮರಳುವಾಗ ಫೋರ್ಕಿನ ಎರಡು ಕಾಲುಗಳ ನಡುವೆ ಮರದ ತುಂಡೊಂದನ್ನಿಟ್ಟು, ಅದರ ಮೂಲಕ ಹೊಸ ಅಚ್ಚನ್ನು ತೂರಿಸಿ, ಅದರದೇ ರಂಧ್ರಕ್ಕೆ ತಿರುಗಿಸಿ ಬಿಗಿದೆವು. ಫೋರ್ಕು ಅಮುಕದಂತೆ ಮರ ಕಾಯಿತು. ಅಚ್ಚನ್ನು ಫೋರ್ಕು ಕಾಯಿತು. ಬೆಂಗಳೂರಿನಲ್ಲಿ ಪೆಟ್ಟಿಗೆ ತೆರೆದಾಗ ಮೊದಲು ನೋಡಿದುದು ಅದನ್ನೇ.