ಒಣಮೆಣಸಿನಕಾಯಿ ಶೀತಲಗೃಹ: ಯಂತ್ರಗಳ ನಿಯಮಿತ ನಿರ್ವಹಣೆ

ರೋಣ ತಾಲ್ಲೂಕಿನ ಮೆಣಸಗಿ ಭಾಗದ ರೈತರು ದರ ಕುಸಿದಾಗ ಬ್ಯಾಡಗಿ ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಡುವುದು ಮುಖ್ಯವಾಗಿ ಅದರ ಬಣ್ಣ ಕಾಯ್ದುಕೊಳ್ಳಲು. ಈ ತಳಿಗೆ ಬೆಲೆ ತರುವುದು ಖಾರಕ್ಕಿಂತ ಬಣ್ಣವೇ. ಯಂತ್ರದ ನಿರ್ವಹಣೆ ತಪ್ಪಿದರೆ ಬಾಡಿಗೆಯೊಂದಿಗೆ ಮಾಲೂ ಕೈಬಿಡುತ್ತದೆ.

ಕಾಯಿಯ ತೇವಾಂಶ ಶೇ. 10–11ಕ್ಕೆ ಇಳಿದ ನಂತರವೇ ಚೀಲ ತುಂಬಬೇಕು. ಕೋಣೆಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ಆರ್ದ್ರತೆ ಶೇ. 65ರ ಆಸುಪಾಸಿನಲ್ಲಿರಬೇಕು. ಬಹುತೇಕರು ಉಷ್ಣಾಂಶವನ್ನಷ್ಟೇ ನೋಡುತ್ತಾರೆ. ಬೂಷ್ಟಿಗೆ ದಾರಿಯಾಗುವುದು ಆರ್ದ್ರತೆ. ಆದ್ದರಿಂದ ಎರಡನ್ನೂ ದಿನಕ್ಕೆರಡು ಬಾರಿ ವಹಿಯಲ್ಲಿ ಬರೆದಿಡುವುದು ಅವಶ್ಯ.

ಎರೆಭೂಮಿಯ ಧೂಳು ಬೇಸಿಗೆಯಲ್ಲಿ ಕಂಡೆನ್ಸರ್‌ನ ಪಟ್ಟಿಗಳ ನಡುವೆ ತುಂಬಿಕೊಳ್ಳುತ್ತದೆ. ಆಗ ಶಾಖ ಹೊರಹೋಗದೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ವಿದ್ಯುತ್ ಬಿಲ್ ಏರುತ್ತದೆ. ವಿದ್ಯುತ್ ಸಂಪರ್ಕ ಕಡಿತಗೊಳಿಸಿ, ಕಡಿಮೆ ಒತ್ತಡದ ನೀರಿನಿಂದ ವಾರಕ್ಕೊಮ್ಮೆ ತೊಳೆಯಬೇಕು. ಒಳಗಿನ ತಂಪು ಸುರುಳಿಯ ಮೇಲೆ ಹಿಮ ದಪ್ಪವಾಗಿ ಕಟ್ಟದಂತೆ ನೋಡಿಕೊಳ್ಳಬೇಕು. ಅದರ ಕೆಳಗಿನ ನೀರು ಹೋಗುವ ಕೊಳವೆ ಮೆಣಸಿನ ಬೀಜ, ಸಿಪ್ಪೆಗಳಿಂದ ಕಟ್ಟಿಕೊಂಡರೆ ನೀರು ನೆಲಕ್ಕೆ ಹರಿದು ಕೆಳಸಾಲಿನ ಚೀಲಗಳು ಮೊದಲು ಕಪ್ಪಾಗುತ್ತವೆ. ಇದನ್ನು ಬಹಳ ತಡವಾಗಿ ಗಮನಿಸಲಾಗುತ್ತದೆ.

ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಪಟ್ಟಿ ಬದಲಿಸಿ. ಉಷ್ಣಮಾಪಕವನ್ನು ಪುಡಿ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟರೆ ಸೊನ್ನೆ ತೋರಬೇಕು. ಅನಿಲ ಸೋರಿಕೆಯ ದುರಸ್ತಿ, ವಿಶೇಷವಾಗಿ ಅಮೋನಿಯಾ ಘಟಕಗಳಲ್ಲಿ, ತರಬೇತಾದ ತಂತ್ರಜ್ಞರ ಕೆಲಸ.

ಮಾರಾಟಕ್ಕೆ ತೆಗೆದ ತಣ್ಣನೆಯ ಚೀಲಗಳನ್ನು ಕೂಡಲೇ ಬಿಚ್ಚಬಾರದು. ಹೊರಗಿನ ಗಾಳಿಯ ತೇವ ಕಾಯಿಯ ಮೇಲೆ ಹನಿಗಟ್ಟುತ್ತದೆ. ನೆರಳಿನಲ್ಲಿಟ್ಟು, ಹೊರಗಿನ ಉಷ್ಣಾಂಶಕ್ಕೆ ಬಂದ ಮೇಲೆ ಬಿಚ್ಚಬೇಕು.