ಹಂಪಿಯ ವಸಂತದಲ್ಲಿ ಪರದೇಶದ ಹೂಗಳು

ತೈಮೂರನ ಮಗ ಶಾರುಖನ ರಾಯಭಾರಿ ಅಬ್ದುಲ್ ರಜಾಕ್ ಹೆರಾತಿನಿಂದ ಹೊರಟು, ಕಡಲು ದಾಟಿ ವಿಜಯನಗರ ತಲುಪಿದ್ದು 1443ರ ಏಪ್ರಿಲ್ ಕೊನೆಯಲ್ಲಿ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ತಿಂಗಳುಗಟ್ಟಲೆ ಇಲ್ಲಿ ನೆಲೆಸಿದ್ದ ಈ ಅತಿಥಿಯ ಬಿಡಾರಕ್ಕೆ ಅರಮನೆಯಿಂದ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಬರುತ್ತಿದ್ದವು. ವಾರಕ್ಕೆರಡು ಸಂಜೆ ರಾಜನ ಭೇಟಿ. ಪೇಟೆಯಲ್ಲಿ ಅವನನ್ನು ಬೆರಗುಗೊಳಿಸಿದ್ದು ಗುಲಾಬಿ. ಇಲ್ಲಿನ ಜನರಿಗೆ ಊಟದಷ್ಟೇ ಗುಲಾಬಿಯೂ ಬೇಕು ಎಂಬರ್ಥದ ಮಾತನ್ನು ಅವನು ಬರೆದಿಟ್ಟಿದ್ದಾನೆ.

ಪೇಟೆ ಬಿಟ್ಟು ಗುಡ್ಡದ ಕಡೆ ನೋಡಿದ್ದರೆ ಅವನಿಗೆ ಯಾವ ಹೂ ಕಾಣುತ್ತಿತ್ತು? ಮುತ್ತುಗ, ಬೂರುಗ ಆ ವೇಳೆಗೆ ಹೂ ಮುಗಿಸಿರುತ್ತವೆ. ಎಲೆ ಉದುರಿಸಿದ ಬೋಳು ಕೊಂಬೆಯಲ್ಲಿ ಕೆಂಪಾಗಿ ಅರಳುವುದು ಅವುಗಳ ರೀತಿ. ಎಲೆಯ ಮರೆ ಇಲ್ಲದ್ದರಿಂದ ಹಕ್ಕಿಗಳಿಗೆ ಹೂ ದೂರದಿಂದಲೇ ಕಾಣುತ್ತದೆ. ಮಕರಂದ ಕುಡಿಯಲು ಬಂದ ಹಕ್ಕಿಯ ತಲೆಗೆ ಅಂಟಿದ ಪರಾಗ ಇನ್ನೊಂದು ಮರ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಳದಿ ಗೊಂಚಲು ಇಳಿಬಿಡುವ ಸರದಿ ಕಕ್ಕೆಯದು.

ಆದರೆ ಇಂದು ನಾವು ನೋಡುವ ಎಷ್ಟೋ ಹೂಗಳನ್ನು ರಜಾಕ್ ಕಂಡಿರಲಾರ. ವಿಠ್ಠಲ ದೇವಾಲಯದ ಆವರಣದ ದೇವಕಣಗಿಲೆ, ಹಬ್ಬಕ್ಕೆ ಮಾಲೆ ಕಟ್ಟುವ ಚೆಂಡು ಹೂ ಎರಡರ ತವರೂ ಮೆಕ್ಸಿಕೊ ಸೀಮೆ. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ನಂತರವೇ ಅಲ್ಲಿನ ಗಿಡಗಳು ಇತ್ತ ಬಂದವು. ಬೇಸಿಗೆಯಲ್ಲಿ ರಸ್ತೆಬದಿಯನ್ನು ಕೆಂಪಾಗಿಸುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು.

ಇವು ಸಭ್ಯ ಅತಿಥಿಗಳು. ದೇವಕಣಗಿಲೆ ನಮ್ಮಲ್ಲಿ ಕಾಯಿ ಕಟ್ಟುವುದೇ ಅಪರೂಪ. ಯಾರಾದರೂ ಕೊಂಬೆ ನೆಟ್ಟರೆ ಮಾತ್ರ ಹೊಸ ಗಿಡ. ಎಲ್ಲ ಅತಿಥಿಗಳೂ ಹೀಗಿಲ್ಲ. ಬಳ್ಳಾರಿ ಜಾಲಿಯ ಹೆಸರಿನಲ್ಲಷ್ಟೇ ಬಳ್ಳಾರಿ ಇದೆ. ಅದೂ ಅಮೆರಿಕ ಖಂಡದ್ದೇ. 1870ರ ದಶಕದ ಕೊನೆಯಲ್ಲಿ ಮದ್ರಾಸ್ ಪ್ರಾಂತ್ಯದ ಒಣಭೂಮಿಗೆ ಸೌದೆಗೆಂದು ತಂದರು. ಸಿಹಿ ಕಾಯಿ ತಿಂದ ಆಡುಗಳು ಹಿಕ್ಕೆಯೊಡನೆ ಬೀಜ ಹರಡಿದವು. ಉದ್ಯಾನಕ್ಕೆ ಬಂದ ಲಂಟಾನದ ಹಣ್ಣು ತಿಂದು ಹಕ್ಕಿಗಳು ಅದನ್ನು ಸಂಡೂರಿನ ಅಡವಿಗೂ ಒಯ್ದವು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಒಂದರಿಂದಲೇ ಸಾವಿರಾರು ಬೀಜ ಉದುರಿಸುತ್ತದೆ.

ತವರಿನಲ್ಲಿ ಇವುಗಳನ್ನು ತಿಂದು ಹದ್ದಿನಲ್ಲಿಡುವ ಕೀಟಗಳಿವೆ. ಬೀಜ ಕಡಲು ದಾಟಿತು, ಕೀಟಗಳು ಅಲ್ಲೇ ಉಳಿದವು. ಲಂಟಾನದ ಪೊದೆ ದಟ್ಟವಾದಲ್ಲಿ ಮುತ್ತುಗದ ಸಸಿಗೆ ಬಿಸಿಲು ದಕ್ಕುವುದಿಲ್ಲ. ಹಳೆಯ ಮರ ಹೂ ಬಿಡುತ್ತಲೇ ಇರುತ್ತದೆ. ಅದರ ಕೆಳಗೆ ಮರಿಗಳಿರುವುದಿಲ್ಲ. ಆ ಮರ ಬಿದ್ದ ಮೇಲೆಯೇ ನಷ್ಟ ನಮ್ಮ ಅರಿವಿಗೆ ಬರುತ್ತದೆ.

ಕಂಪ್ಲಿಯ ಗದ್ದೆಬದುವಿನಲ್ಲೋ ಹೊಸಪೇಟೆಯ ಕಾಲುವೆ ದಂಡೆಯಲ್ಲೋ ಮಕ್ಕಳು ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡಬಹುದು. ಕಂಡ ಹತ್ತು ಹೂಗಳ ಹೆಸರು, ತವರು, ಬೀಜ ಹರಡುವ ಬಗೆಯನ್ನು ಪಟ್ಟಿ ಮಾಡಲಿ. ತಂದೆತಾಯಿಗಳು ಜೊತೆಗಿರಲಿ. ಹಳದಿ ಹೂವಿನ ಮುಳ್ಳುಗಿಡ ಅರಿಶಿನ ದತ್ತೂರಿಯ ಬೀಜ ಸಾಸಿವೆಯನ್ನೇ ಹೋಲುತ್ತದೆ, ಆದರೆ ವಿಷ. 1998ರಲ್ಲಿ ದೆಹಲಿಯಲ್ಲಿ ಅದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ಜನರ ಪ್ರಾಣ ತೆಗೆದಿತ್ತು. ಪಾರ್ಥೇನಿಯಂ ತಾಗಿದರೆ ಕೆಲವರಿಗೆ ತುರಿಕೆ, ಉಬ್ಬಸ ಬರುತ್ತದೆ. ಅದನ್ನು ದೊಡ್ಡವರೇ ಕೈಚೀಲ ತೊಟ್ಟು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಮುತ್ತುಗದ ಸಸಿ ಸಿಕ್ಕರೆ ಮಾತ್ರ ಸುತ್ತಲಿನ ಕಳೆ ತೆಗೆದು ಬಿಸಿಲಿಗೆ ದಾರಿ ಬಿಡಿ.